ಗರಿಷ್ಠ ಒಪ್ಪಂದ ಈಗಲೇ ಕೊಡಬೇಕೆ, ಕಾಯಬೇಕೆ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ, ಹೊಸ ಆಟಗಾರರನ್ನು ಹಂಚುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗ ಮೂರು ಋತು ಮುಗಿಸಿದ್ದಾನೆ. ತಂಡದ ಮುಂದಿರುವ ದಾರಿಗಳು ಮೂರು: ಐದು ವರ್ಷಗಳ ಗರಿಷ್ಠ ಒಪ್ಪಂದ, ಅದಕ್ಕಿಂತ ಕಡಿಮೆಗೆ ಚೌಕಾಸಿ, ಇಲ್ಲವೇ ಇನ್ನೊಂದು ವರ್ಷ ಕಾಯುವುದು.

ಮೊದಲು ಹಣ. ಗರಿಷ್ಠವೆಂದರೆ ಸಾಮಾನ್ಯವಾಗಿ ಮೊದಲ ವರ್ಷಕ್ಕೇ ವೇತನ ಮಿತಿಯ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ) ಶೇ 25. ಆಟಗಾರ ನಿರೀಕ್ಷೆಯಷ್ಟು ಬೆಳೆಯದಿದ್ದರೆ ಅದು ಕುತ್ತಿಗೆಗೆ ಕಟ್ಟಿದ ಗುಂಡುಕಲ್ಲು. 2017ರಲ್ಲಿ ಆಂಡ್ರ್ಯೂ ವಿಗ್ಗಿನ್ಸ್‌ಗೆ ಗರಿಷ್ಠ ಕೊಟ್ಟ ಮಿನೆಸೋಟ, 2020ರಲ್ಲಿ ಅವರನ್ನು ಸಾಗಹಾಕಲು ಮುಂದಿನ ಡ್ರಾಫ್ಟ್‌ನಲ್ಲಿ ಆಟಗಾರನನ್ನು ಆರಿಸುವ ತನ್ನ ಹಕ್ಕನ್ನೂ ಸೇರಿಸಿ ಕೊಟ್ಟಿತು. (2022ರಲ್ಲಿ ಅವರೇ ಗೋಲ್ಡನ್ ಸ್ಟೇಟ್ ಪ್ರಶಸ್ತಿ ಗೆಲ್ಲಲು ನೆರವಾದರು!)

ಚೌಕಾಸಿಗೆ ಗಾಯದ ಇತಿಹಾಸವೇ ಬಲ. ಪಾದದ ಕೀಲಿನ ತೊಂದರೆಯಿದ್ದ ಸ್ಟೀಫನ್ ಕರಿ 2012ರಲ್ಲಿ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್‌ಗೆ ಒಪ್ಪಿದರು. ಮುಂದೆ ಅವರು ಲೀಗ್‌ನ ಅತಿ ದೊಡ್ಡ ತಾರೆಗಳಲ್ಲೊಬ್ಬರಾದರು; ಆದರೆ ಅಂಥ ಅದೃಷ್ಟವನ್ನು ಯೋಜನೆ ಎಂದು ಕರೆಯಲಾಗದು.

ಕಾಯುವುದರಲ್ಲಿ ಹಿಡಿತವೂ ಇದೆ, ಅಪಾಯವೂ ಇದೆ. ಬೇರೆ ತಂಡದ ಕೊಡುಗೆಯನ್ನು ಸರಿಗಟ್ಟಿ ಆಟಗಾರನನ್ನು ಉಳಿಸಿಕೊಳ್ಳಬಹುದು. ಆದರೆ ಷರತ್ತು ಬರೆಯುವವರು ಎದುರಾಳಿಗಳು. 2014ರಲ್ಲಿ ಗೋರ್ಡನ್ ಹೇವರ್ಡ್‌ಗೆ ಷಾರ್ಲಟ್ ಬರೆದ ಒಪ್ಪಂದವನ್ನು ಯೂಟಾ ಸರಿಗಟ್ಟಿತು. ಮೂರು ವರ್ಷದ ಬಳಿಕ ಅದರಲ್ಲಿದ್ದ ಹೊರಬೀಳುವ ಅವಕಾಶ ಬಳಸಿ ಹೇವರ್ಡ್ ಬಾಸ್ಟನ್‌ಗೆ ಹೋದರು. ಸ್ಯಾನ್ ಆಂಟೋನಿಯೊ ಮಾತ್ರ ಕವಾಯ್ ಲೆನಾರ್ಡ್‌ರನ್ನು ಕಾಯಿಸಿ, ಅದರಿಂದ ವೇತನ ಮಿತಿಯಲ್ಲಿ ಉಳಿದ ಜಾಗದಲ್ಲಿ 2015ರಲ್ಲಿ ಲಮಾರ್ಕಸ್ ಆಲ್ಡ್ರಿಜ್‌ರನ್ನು ತಂದು, ಆಮೇಲೆ ಲೆನಾರ್ಡ್‌ಗೆ ಗರಿಷ್ಠವನ್ನೇ ಕೊಟ್ಟಿತು.

ಆಟಗಾರ ಈಗಾಗಲೇ ತಂಡದ ಆಧಾರವಾಗಿದ್ದರೆ ಈಗಲೇ ಕೊಡಿ. ಬರೀ ಭರವಸೆಯಿದ್ದರೆ ಚೌಕಾಸಿ ಮಾಡಿ. ಖಾಲಿ ಜಾಗವನ್ನು ತುಂಬಲು ಹೆಸರೊಂದು ನಿಜವಾಗಿ ಕಣ್ಣಮುಂದಿದ್ದರೆ ಮಾತ್ರ ಕಾಯಿರಿ.