ಎಲೆಯ ಚಿತ್ರವಿರುವ ನೀರಿನ ಫಿಲ್ಟರ್: ಒಂದು ಮಳೆಗಾಲ, ಒಂದು ಕಾಫಿ ಕೊಯ್ಲಿನ ಬಳಕೆಯ ನಂತರ

ಕಳೆದ ಮೇ ಕೊನೆಯಲ್ಲಿ ಮಡಿಕೇರಿಯ ಅಂಗಡಿಯೊಂದರಿಂದ 3,600 ರೂಪಾಯಿ ಕೊಟ್ಟು ತಂದ ಈ ಫಿಲ್ಟರ್ 16 ಲೀಟರಿನ, ಎರಡು ಅಂತಸ್ತಿನ ಸ್ಟೀಲ್ ಪಾತ್ರೆ. ಮೇಲೆ ಸುರಿದ ನೀರು ನ್ಯಾನೋ ಬೆಳ್ಳಿ (ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು) ಲೇಪಿಸಿದ ಸೆರಾಮಿಕ್ ಕ್ಯಾಂಡಲ್ ಮೂಲಕ ತಾನಾಗಿ ಕೆಳಗಿಳಿಯುತ್ತದೆ. ಮಳೆ ಹಿಡಿದರೆ ದಿನಗಟ್ಟಲೆ ಕರೆಂಟ್ ಇರದ ತೋಟದ ಮನೆಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕಿಲ್ಲ.

ಡಬ್ಬದ ಮೇಲೆ ದೊಡ್ಡದಾಗಿ ತುಳಸಿಯ ಚಿತ್ರ, ಅದರ ಕೆಳಗೆ ‘ರಾಸಾಯನಿಕಮುಕ್ತ’ ಎಂಬ ಮಾತು. ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು ನಾವು ತಿನ್ನುವ ಮದ್ದು ಸೊಪ್ಪಿನ ಹಾಗೆ ಇದರಲ್ಲೂ ಎಲೆಯ ಗುಣ ನೀರಿಗೆ ಇಳಿಯುತ್ತದೆ ಎಂದರು. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರ ಕಲಿಸಿದ ನನಗೆ ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಮದ್ದು ಸೊಪ್ಪು ಬೇಯಿಸಿದ ನೇರಳೆ ನೀರು ನಮ್ಮ ಹೊಟ್ಟೆಗೇ ಹೋಗುತ್ತದೆ. ಇಲ್ಲಿ ಎಲೆಯ ಕೆಲಸ, ಅಂದರೆ ಬೆಳ್ಳಿಯ ಕಣ ತಯಾರಿಸುವುದು, ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ತುಳಸಿ ಎಲೆಯನ್ನು ಕುದಿಸಿ ಸೋಸಿದ ಕಷಾಯವನ್ನು ತೆಳುವಾದ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದರೆ, ಎಲೆಯಲ್ಲಿರುವ ಪಾಲಿಫಿನಾಲ್‌ಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವನ್ನು ಲೋಹವಾಗಿಸುತ್ತವೆ, ಜೊತೆಗೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗದಂತೆ ಸುತ್ತ ಪೊರೆಯಾಗಿ ನಿಲ್ಲುತ್ತವೆ. ಶಾಲೆಯ ಲ್ಯಾಬಿನಲ್ಲಿ ಇದನ್ನು ಮಾಡಿ ನೋಡಿದ್ದೇನೆ: ಮೊದಲು ಏನೂ ಆಗಲಿಲ್ಲವೆನ್ನಿಸಿ, ಬಳಿಕ ತಿಳಿ ಹಳದಿ, ಆಮೇಲೆ ಬೆಲ್ಲದ ಕಾಫಿಯ ಕಂದು. ಆ ಬಣ್ಣ ಎಲೆಯದ್ದಲ್ಲ; 400ರಿಂದ 450 ನ್ಯಾನೋಮೀಟರ್ ಆಸುಪಾಸಿನ ನೇರಳೆ, ನೀಲಿ ಬೆಳಕನ್ನು ನುಂಗುವ ಬೆಳ್ಳಿಯ ಕಣಗಳದ್ದು. (ಸಿಲ್ವರ್ ನೈಟ್ರೇಟ್ ತಾಗಿದ ನನ್ನ ಬೆರಳು ವಾರವಿಡೀ ಕಪ್ಪಾಗಿತ್ತು, ರಾಸಾಯನಿಕಮುಕ್ತ ಎನ್ನುವವರು ಅದನ್ನು ನೋಡಬೇಕಿತ್ತು.) ಇದೇ ಕೆಲಸಕ್ಕೆ ಬಳಸುವ ಸೋಡಿಯಂ ಬೋರೋಹೈಡ್ರೈಡ್‌ನಂಥ ತೀಕ್ಷ್ಣ ವಸ್ತುವಿನ ಜಾಗದಲ್ಲಿ ಕಷಾಯ ಬಂದದ್ದು ನಿಜಕ್ಕೂ ಒಳ್ಳೆಯದೇ, ಆದರೆ ಅದು ತಯಾರಿಕೆಯ ಹಿರಿಮೆಯೇ ಹೊರತು ಲೋಟದ ನೀರಿನದ್ದಲ್ಲ.

ಹಾಗಾದರೆ ಬ್ಯಾಕ್ಟೀರಿಯಾ ಕೊಲ್ಲುವ ತನ್ನ ಕೆಲಸವನ್ನು ಬೆಳ್ಳಿ ಮಾಡುತ್ತದೆಯೇ? ಜುಲೈಯಲ್ಲಿ, ಬಾವಿಯ ನೀರು ಕೆಂಪಡರಿದ್ದಾಗ, ಪಂಚಾಯಿತಿಯವರು ಬಳಸುವಂಥ ಎರಡು ಎಚ್‌ಟುಎಸ್ ಬಾಟಲಿಗಳನ್ನು (ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿ) ತಂದು ಒಂದಕ್ಕೆ ಬಾವಿಯ ನೀರನ್ನು, ಇನ್ನೊಂದಕ್ಕೆ ಫಿಲ್ಟರ್‌ನದ್ದನ್ನು ತುಂಬಿದೆ. ನಮ್ಮ ಚಳಿಗೆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ಎರಡನ್ನೂ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಮರುದಿನ ಸಂಜೆಗೆ ಬಾವಿಯ ನೀರಿನ ಬಾಟಲಿ ಮಸಿಯಂತೆ ಕಪ್ಪಾಯಿತು; ಇನ್ನೊಂದು ಮೂರನೆಯ ದಿನವೂ ತಿಳಿಯಾಗಿಯೇ ಇತ್ತು. ಇದಕ್ಕೆ ನನ್ನ ಪೂರ್ಣ ಅಂಕ. ಭತ್ತದ ಹೊಟ್ಟಿನ ಬೂದಿಗೆ ನ್ಯಾನೋ ಬೆಳ್ಳಿ ಕೂರಿಸಿದ ಟಾಟಾ ಸ್ವಚ್ಛ್ 2009ರಲ್ಲೇ ಮಾರುಕಟ್ಟೆಗೆ ಬಂದದ್ದನ್ನು ನೆನೆದರೆ, ಇದೇನೂ ಹೊಸ ಪವಾಡವಲ್ಲ.

ತೊಡಕು ಬಂದದ್ದು ಜನವರಿಯಲ್ಲಿ. ಮೇಲಿನ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶುರುವಾಗಿ, ಹಣ್ಣು ತೊಳೆದ ನೀರು ತೋಡು ಸೇರಿದ ಮೇಲೆ ನಮ್ಮ ಬಾವಿಗೆ ಹುಳಿ ವಾಸನೆ, ತೆಳು ಕಂದು ಬಣ್ಣ ಬಂದವು. ಫಿಲ್ಟರ್ ಅವೆರಡನ್ನೂ ಹಾಗೇ ಕೆಳಗಿಳಿಸಿತು. ಅದು ಸಹಜ, ಕರಗಿದ ಸಾವಯವ ವಸ್ತುವನ್ನು ತೆಗೆಯುವುದು ಬೆಳ್ಳಿಯ ಕೆಲಸವಲ್ಲ. ಬೋರ್‌ವೆಲ್ ನೀರು ಹಾಕಿದರಂತೂ ಅದರ ಕಬ್ಬಿಣ ಗಾಳಿಗೆ ತುಕ್ಕಾಗಿ ಕ್ಯಾಂಡಲ್ ಮೇಲೆ ಇಟ್ಟಿಗೆ ಬಣ್ಣದ ಪದರ ಕಟ್ಟುತ್ತದೆ, ಒಂದು ಲೋಟ ತುಂಬಲು ಕಾಲು ಗಂಟೆ ಬೇಕಾಗುತ್ತದೆ. ಡಬ್ಬದ ಮೇಲೆ ಮಾತ್ರ ‘ಎಲ್ಲ ಬಗೆಯ ಕಲುಷಿತ ನೀರಿಗೆ’ ಎಂದೇ ಇದೆ.

ಕಂಪನಿಯ ಮೇಲೆ ನನ್ನ ನಿಜವಾದ ಅಸಮಾಧಾನ ಬೇರೆಯದು. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ಬೆಳ್ಳಿಗೆ ಲೀಟರಿಗೆ 0.1 ಮಿಲಿಗ್ರಾಂ ಮಿತಿಯಿದೆ. ಕ್ಯಾಂಡಲ್‌ನಿಂದ ಎಷ್ಟು ಬೆಳ್ಳಿ ಬಿಡುತ್ತದೆಂಬ ಪ್ರಯೋಗಾಲಯದ ವರದಿಯನ್ನು ಮೂರು ಸಲ ಕೇಳಿದೆ. ಮೂರು ಸಲವೂ ಬಂದದ್ದು ತುಳಸಿಯ ಮಹಿಮೆಯ ಕರಪತ್ರ.

ಐದರಲ್ಲಿ ಮೂರು ನಕ್ಷತ್ರ. ಮಳೆಗಾಲದ ಬಾವಿ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ ಹಾಕುವವರು ಧಾರಾಳವಾಗಿ ಕೊಳ್ಳಬಹುದು. ಬೋರ್‌ವೆಲ್ ಮಾತ್ರ ಇರುವವರು ಆ ಹಣದಲ್ಲಿ ನೀರು ಸೋಸುವ ಮರಳಿನ ತೊಟ್ಟಿ ಕಟ್ಟಿಸುವುದು ಲೇಸು. ನಾನು ಈಗ ಕಟ್ಟಿಸುತ್ತಿದ್ದೇನೆ.