ಮೀಲ್‌ವರ್ಮ್ ಸ್ಟಾರ್ಟರ್ ಕಿಟ್: ಹುಳಕ್ಕ ನಾಲ್ಕು ಸ್ಟಾರ್, ಟ್ರೇಗೆ ಒಂದ (ಧಾರವಾಡದಿಂದ)

ಕೋಳಿಗೆ ತಿನ್ನಸಾಕ ಮೀಲ್‌ವರ್ಮ್ (ಒಂದು ಜಾತಿ ದುಂಬಿಯ ಮರಿಹುಳ) ಮನ್ಯಾಗ ಬೆಳಸಾಕಂತ ಆನ್‌ಲೈನ್‌ನ್ಯಾಗ ತರಿಸಿದ ಕಿಟ್ ಇದು. ಮೂರು ಪ್ಲಾಸ್ಟಿಕ್ ಟ್ರೇ, ಒಂದು ಜಾಳಗಿ ತಳದ ಟ್ರೇ, ಒಂದು ಡಬ್ಬಿ ಹುಳ, ಮ್ಯಾಲೊಂದಿಷ್ಟು ಗೋಧಿ ಬೂಸಾ. ಮಳಿಗಾಲ, ಚಳಿಗಾಲ, ಬ್ಯಾಸಗಿ ಮೂರೂ ದಾಟಿ ಈಗ ಎರಡನೇ ಮಳಿಗಾಲ ನಡದೈತಿ, ಹಿಂಗಾಗಿ ಪಾರ್ಸಲ್ ಬಂದ ದಿನಾನ ಐದು ಸ್ಟಾರ್ ಒತ್ತೋರ ಗತೆ ಅಲ್ಲ, ಬಳಸಿ ನೋಡೇ ಬರಿಯಾಕತ್ತೀನಿ.

ಪಾರ್ಸಲ್ ಬಿಚ್ಚಿದಾಗ ನಮ್ಮತ್ತಿ ಬಗ್ಗಿ ನೋಡಿ, "ಏನವಾ, ಹಿಟ್ಟಿನ್ಯಾಗಿನ ಹುಳ ಸಾಣಿಸಿ ಚೆಲ್ಲಿ ಚೆಲ್ಲಿ ನಮ್ಮ ರಟ್ಟಿ ಬಿದ್ದಾವು, ನೀ ನೋಡಿದ್ರ ರೊಕ್ಕ ಕೊಟ್ಟು ತರಿಸೀಯಲ್ಲ" ಅಂದ್ರು. ಅವರು ಅಂದಿದ್ದು ಖರೇನ ಐತ್ರಿ, ಇದು ಕಾಳು ಹಿಟ್ಟು ಕೆಡಿಸೋ ಹುಳದ ಜಾತೀನ. ಅದಕ್ಕ ಟ್ರೇನ ಜೋಳದ ಚೀಲ ಇಟ್ಟ ಕ್ವಾಣ್ಯಾಗ ಇಡಬ್ಯಾಡ್ರಿ, ನಮ್ದು ಹಿತ್ತಲ ಕಡೆ ಕಟಗಿ ಇಡೋ ಜಾಗದಾಗ ಐತಿ.

ಮೊದಲ ರೊಕ್ಕದ ಮಾತು. ಮಾರೋರು "ಕೋಳಿ ಫೀಡಿನ ಖರ್ಚು ಅರ್ಧ ಉಳಿತೈತಿ" ಅಂತ ಬರದಾರ, ಅದನ್ನ ನಂಬಿ ತರಿಸೋರಿದ್ರ ಸ್ವಲ್ಪ ತಡೀರಿ. ತತ್ತಿ ಇಡೋ ಕೋಳಿ ದಿನಕ್ಕ 100-120 ಗ್ರಾಂ ಫೀಡ್ ತಿಂತೈತಿ, ಲೇಯರ್ ಫೀಡಿನ್ಯಾಗ ಪ್ರೋಟೀನ್ 16-17 ಪರ್ಸೆಂಟ್, ಅಂದ್ರ ಹತ್ರ ಹತ್ರ 17-18 ಗ್ರಾಂ ಪ್ರೋಟೀನ್ ಆತು. ಬೆಳದ ಒಂದ್ ಹುಳದ ತೂಕ ಸುಮಾರು 0.1 ಗ್ರಾಂ, ಅದರಾಗ ಅರ್ಧಕ್ಕಿಂತ ಜಾಸ್ತಿ ನೀರು, ಪ್ರೋಟೀನ್ ಐದರಾಗ ಒಂದು ಪಾಲು. ಕೋಳಿಗೊಂದು ಹತ್ತು ಹುಳ ಒಗದ್ರ ಸಿಗೋದು 0.2 ಗ್ರಾಂ. ಅರ್ಧ ಪ್ರೋಟೀನ್ ಹುಳದಿಂದನ ಬರಲಿ ಅಂದ್ರ ಒಂದೊಂದು ಕೋಳಿಗೆ ದಿನಾ ನಾಲ್ಕು ನೂರಕ್ಕಿಂತ ಜಾಸ್ತಿ ಹುಳ ಬೇಕು, ಅಷ್ಟು ಬೆಳಸಾಕ ಮನಿ ಬಿಟ್ಟು ನಾವು ಹಿತ್ತಲದಾಗ ಮಲಗಬೇಕಾಗ್ತೈತಿ. ಡಬ್ಬಿ ಮ್ಯಾಲ "50% ಪ್ರೋಟೀನ್" ಅಂತ ದೊಡ್ಡಕ್ಷರದಾಗ ಇರತೈತಲ್ಲ, ಅದು ಒಣಗಿಸಿದ ಹುಳದ ಲೆಕ್ಕ, ಜೀವಂತ ಹುಳದ್ದಲ್ಲ. ಮ್ಯಾಲ ಒಂದು ಕಿಲೋ ಹುಳ ಆಗಬೇಕಂದ್ರ ಎರಡು ಕಿಲೋ ಬೂಸಾ ಬೇಕ ಬೇಕು, ಬೂಸಾ ಪುಕ್ಕಟೆ ಬರಂಗಿಲ್ಲ.

ಹಂಗಾದ್ರ ನಾಲ್ಕು ಸ್ಟಾರ್ ಯಾಕ ಅಂತೀರಿ? ನಮ್ಮಲ್ಲಿ ನಾಕೈದು ಜವಾರಿ ಕೋಳಿ, ಉಳಿದದ್ದು ಸ್ವರ್ಣಧಾರಾ ತಳಿ. ಪುಕ್ಕ ಉದುರಿಸೋ ಕಾಲಕ್ಕ ತತ್ತಿ ಇಡೋದು ಬಂದ್ ಆಗಿ, ಬೋಳು ಕುತ್ತಿಗಿ ಹೊತಗೊಂಡು ಮೂಲ್ಯಾಗ ಕುಂದರತಾವು ಪಾಪ. ಪುಕ್ಕ ಅಂದ್ರ ಹೆಚ್ಚೂಕಮ್ಮಿ ಪೂರ್ತಿ ಪ್ರೋಟೀನ. ಅಂಥಾ ಟೈಮಿನ್ಯಾಗ ಫೀಡಿನ ಜೋಡಿ ದಿನಾ ಒಂದೊಂದು ಮುಷ್ಟಿ ಹುಳ ಕೊಟ್ಟೆ, ಫೀಡ್ ಮೂಸಿ ನೋಡದ ಕೋಳೀನೂ ಹುಳಕ್ಕ ಎದ್ದು ಬರ್ತಿತ್ತು, ನನಗ ಅಷ್ಟಾದ್ರ ಸಾಕಿತ್ತು. ಇನ್ನೊಂದು ಉಪಯೋಗ ಸಂಜಿಮುಂದ. ಡಬ್ಬಿ ಅಲುಗಾಡಿಸಿದ್ರ ಸಾಕು, ಬಾಜೂದವರ ಕಂಪೌಂಡಿನ್ಯಾಗ ಇರೋವೂ ಓಡಿ ಗೂಡಿಗೆ ಬರ್ತಾವು. ಒಂದು ಕೆಂಪು ಹ್ಯಾಟಿ ಐತಿ, ಹುಳ ಕಚ್ಚಿಕೊಂಡು ತಿನ್ನೋದು ಬಿಟ್ಟು ಓಡತೈತಿ, ಉಳದಾವೆಲ್ಲಾ ಅದರ ಬೆನ್ನ ಹತ್ತತಾವು, ಅಷ್ಟರಾಗ ನೆಲದ ಮ್ಯಾಲ ಬಿದ್ದ ಹುಳ ಯಾವುದಕ್ಕೂ ಕಾಣಂಗಿಲ್ಲ!

ಹುಳದಾಗ ಕ್ಯಾಲ್ಸಿಯಂ ಇಲ್ಲದಂಗ, ರಂಜಕ ಜಾಸ್ತಿ. ಶೆಲ್ ಗ್ರಿಟ್ (ಚಿಪ್ಪಿನ ಪುಡಿ) ಬ್ಯಾರೆ ಬಟ್ಟಲದಾಗ ಇಡಲೇಬೇಕು, ಇಲ್ಲಂದ್ರ ತತ್ತಿ ಸಿಪ್ಪಿ ತೆಳ್ಳಗ.

ಈಗ ಟ್ರೇ ಕಥಿ. ಹುಳ ಬೆಳದು ಪ್ಯೂಪಾ (ಕೋಶ) ಆಗಿ, ಆಮ್ಯಾಲ ದುಂಬಿ ಆಗತೈತಿ. ಜಾಳಗಿ ತಳದ ಟ್ರೇನ್ಯಾಗ ಆ ದುಂಬಿ ಬಿಡಬೇಕು, ಅವು ಇಟ್ಟ ತತ್ತಿ ಕೆಳಗಿನ ಟ್ರೇಗೆ ಉದರತಾವು, ಇಲ್ಲಂದ್ರ ದುಂಬಿ ತಮ್ಮ ತತ್ತಿ ತಾವ ತಿಂತಾವು. ಐಡಿಯಾ ಚಲೋನ ಐತಿ. ಆದ್ರ ಕಿಟ್ಟಿನ ಜಾಳಗಿ ಅಂಟಿನಿಂದ ಹಚ್ಚಿದ್ದು, ಮೊದಲ ಮಳಿಗಾಲದಾಗ ಒಂದು ಕಡೆ ಬಿಟ್ಟು ದುಂಬಿ ಎಲ್ಲಾ ಕೆಳಗ ಇಳದು ಕುಂತಿದ್ವು. ಕಂಪ್ಲೇಂಟ್ ಹಾಕಿದ್ರ "ಫೋಟೋ ಕಳಸ್ರಿ" ಅಂದ್ರು, ಕಳಿಸಿದೆ, ಮುಂದ ಸುದ್ದಿನ ಇಲ್ಲ. ಈಗ ಸೂಪರ್ ಮಾರ್ಕೆಟ್‌ನ್ಯಾಗ ಸಿಗೋ ಸಾದಾ ಪ್ಲಾಸ್ಟಿಕ್ ಟಬ್, ಸೊಳ್ಳಿ ಜಾಳಗಿ, ಸ್ಟೇಪ್ಲರ್, ಮುಗೀತು. ಗೋಡಿ ನುಣ್ಣಗಿರಬೇಕಷ್ಟ, ನುಣ್ಣಗಿದ್ರ ಹುಳ ಹತ್ತಂಗಿಲ್ಲ.

ಪ್ಯೂಪಾ ಆದದ್ದನ್ನ ಚಮಚೆಲೆ ಆರಿಸಿ ಬ್ಯಾರೆ ಇಡಬೇಕು, ಅಲುಗಾಡಲಾರದೆ ಬಿಳಿ ಬಿಳಿ ಬಿದ್ದಿರತಾವು, ದುಂಬಿಗೆ ಸಿಕ್ರ ಒಂದೂ ಉಳಿಯಂಗಿಲ್ಲ. ಒಂದೆರಡು ವಾರದಾಗ ದುಂಬಿ ಹೊರಗ ಬರತೈತಿ, ಬರೋವಾಗ ಬಿಳಿ, ಆಮ್ಯಾಲ ಕಂದು, ಕಡೀಕ ಕರ್ರಗ. 25-28 ಡಿಗ್ರಿ ಇದ್ರ ತತ್ತಿಯಿಂದ ದುಂಬಿವರೆಗೂ ಮೂರು ತಿಂಗಳ ಮ್ಯಾಲ ಸ್ವಲ್ಪ, ನಮ್ಮ ಡಿಸೆಂಬರ್ ಚಳ್ಯಾಗ ಎಲ್ಲಾ ನಿಂತೇ ಬಿಟ್ಟಂಗ ಕಾಣತೈತಿ. ಹುಳ ದಟ್ಟ ಆದ್ರ ಬೂಸಾದಾಗ ಕೈ ಇಟ್ಟು ನೋಡ್ರಿ, ಬೆಚ್ಚಗ ಹತ್ತತೈತಿ, ಅದು ಅವುಗಳದ್ದ ಬಿಸಿ. ಚಳ್ಯಾಗ ಚಲೋ, ಬ್ಯಾಸಗ್ಯಾಗ ಅದ ಕುತ್ತು. ಗದಗಿನ್ಯಾಗ ನಮ್ಮಕ್ಕ ಪತ್ರಾಸಿನ ಶೆಡ್ಡಿನ್ಯಾಗ ಇಟ್ಟಿದ್ಲು, ಏಪ್ರಿಲ್ ಮಧ್ಯಾಹ್ನ ಒಂದ ದಿನದಾಗ ಇಡೀ ಟ್ರೇ ಕರ್ರಗಾಗಿ ಸತ್ತಿತು.

ಧಾರವಾಡದ ತ್ರಾಸು ಬ್ಯಾರೆ, ಇಲ್ಲಿ ಜಿಟಿಜಿಟಿ ಮಳಿ. ನೀರಿನ ಅಂಶಕ್ಕಂತ ಗಜ್ಜರಿ, ಬಟಾಟಿ ಹೋಳು ಇಡ್ತೀವಲ್ಲ, ಎರಡನೇ ದಿನಕ್ಕ ಬೂಷ್ಟು ಹಿಡಿತೈತಿ, ಆಮ್ಯಾಲ ಟ್ರೇ ಅಂಚಿಗೆ ಹಿಟ್ಟು ಉದುರಿಸಿದಂಗ ಕಾಣತೈತಿ, ಕಣ್ಣಿಟ್ಟು ನೋಡಿದ್ರ ಆ ಹಿಟ್ಟು ನಡದಾಡತೈತಿ. ಅದು ಮೈಟ್ ಅನ್ನೋ ಸಣ್ಣ ನುಸಿ. ಜುಲೈ-ಆಗಸ್ಟ್‌ನ್ಯಾಗ ಬೂಸಾನ ಹಂಚಿನ ಮ್ಯಾಲ ಬೆಚ್ಚಗ ಮಾಡಿ ಆರಿಸಿ ಹಾಕ್ತೀನಿ, ಗಜ್ಜರಿ ಸಣ್ಣ ತುಂಡು, ಸಂಜಿಗೆ ಉಳದದ್ದು ತಗದುಬಿಡೋದು. ಇರವಿಗೆ ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲದಾಗ. ಹಲ್ಲಿಗೆ ಜಾಳಗಿ ಮುಚ್ಚಳ.

ಕೆಳಗ ಮಣ್ಣಿನಂಗ ಕೂಡೋದು ಹುಳದ ಹಿಕ್ಕಿ, ಮೈದಾ ಸಾಣಗಿಲೆ ಸಾಣಿಸಿ ಕರಿಬೇವಿಗೆ ಮೆಣಸಿನಗಿಡಕ್ಕ ಹಾಕ್ತೀನಿ. ಸಾಣಿಸುವಾಗ ಮೂಗಿಗೆ ಅರಬಿ ಕಟ್ಟಿಕೊಳ್ರಿ, ಆ ಧೂಳಿಗೆ ಅಲರ್ಜಿ ಆಗೋರದಾರ, ನಮ್ಮ ಯಜಮಾನ್ರು ಸೀನಿ ಸೀನಿ ಹಿತ್ತಲ ಕಡೆ ಬರೋದ ಬಿಟ್ಟಾರ.

ತರಿಸೋರು ಹುಳ ಅಷ್ಟ ತರಿಸ್ರಿ, ಕಿಟ್ ಬ್ಯಾಡ. ಅದೂ ಮಳಿ ಮುಗದ ಮ್ಯಾಲ ಅಕ್ಟೋಬರ್-ನವೆಂಬರ್ ಸುಮಾರಿಗೆ, ಮೇ ತಿಂಗಳಾಗ ಕೊರಿಯರ್ ವ್ಯಾನಿನ್ಯಾಗ ಬೆಂದು ಬರ್ತಾವು, ಅದಕ್ಕ ಯಾರೂ ರೊಕ್ಕ ವಾಪಸ್ ಕೊಡಂಗಿಲ್ಲ.