ಆರೈಕೆ ಕೇಂದ್ರಕ್ಕೆ ಗುಳ್ಳೆ ಏರ್ ಬೆಡ್ ಸಾಕೇ?

ಹಾಸಿಗೆ ಹಿಡಿದವರಿಗೆ ಹುಣ್ಣಾಗದಿರಲಿ ಎಂದು ಎಲ್ಲರೂ ಮೊದಲು ತರಿಸುವುದು ಏರ್ ಬೆಡ್. ಅದರಲ್ಲಿ ಅಗ್ಗದ್ದು, ಸುಲಭವಾಗಿ ಸಿಗುವುದು ಗುಳ್ಳೆಗಳ ಮಾದರಿ. ಪಿವಿಸಿ ಹಾಳೆಯಲ್ಲಿ 130ರ ಆಸುಪಾಸು ಗುಳ್ಳೆಗಳು, ಎರಡು ಟ್ಯೂಬು, ಮಂಚದ ಕಾಲ್ದೆಸೆಗೆ ನೇತುಹಾಕುವ ಪುಟ್ಟ ಪಂಪು, ಅಷ್ಟೇ. ದೀರ್ಘಕಾಲದ ಆರೈಕೆ ಕೇಂದ್ರದಲ್ಲಿ ಮಗ್ಗುಲು ಬದಲಿಸುವ, ಮೈ ಒರೆಸುವ, ಡಯಾಪರ್ ಬದಲಿಸುವ ನರ್ಸಿಂಗ್ ಅಸಿಸ್ಟೆಂಟ್‌ಗಳ ಕೆಲಸಕ್ಕೆ ಇದು ಎಷ್ಟರಮಟ್ಟಿಗೆ ಒದಗುತ್ತದೆ? ಹಗುರ ಮೈಯವರಿಗೆ, ಕೆಲವು ವಾರಗಳ ಮಟ್ಟಿಗೆ ಧಾರಾಳವಾಗಿ ಸಾಕು. ವರ್ಷಗಟ್ಟಲೆ ಮಲಗಿದಲ್ಲೇ ಇರುವವರಿಗೆ, ಶಿಫ್ಟಿಗೊಬ್ಬರಂತೆ ನೋಡಿಕೊಳ್ಳುವವರು ಬದಲಾಗುವ ಕಡೆ, ಸಾಲದು.

ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮ, ಮಾಂಸ ಒತ್ತಿಹೋದಾಗ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಅದು ಹಾಗೇ ಮುಂದುವರಿದರೆ ಆ ಭಾಗ ಸಾಯುತ್ತದೆ. ಏರ್ ಬೆಡ್ ಈ ಒತ್ತಡವನ್ನು ಜಾಗದಿಂದ ಜಾಗಕ್ಕೆ ಸರಿಸುತ್ತಿರುತ್ತದೆ. ಒಂದು ಟ್ಯೂಬು ಅರ್ಧ ಗುಳ್ಳೆಗಳನ್ನು ಉಬ್ಬಿಸುವಾಗ ಇನ್ನೊಂದರ ಕಡೆಯವು ಇಳಿಯುತ್ತವೆ. ಸುಮಾರು 10 ನಿಮಿಷಕ್ಕೊಂದು ಸುತ್ತು. ಇದರ ಆಚೆಗೆ ಅದು ಏನೂ ಮಾಡುವುದಿಲ್ಲ. ಒದ್ದೆಯನ್ನಾಗಲಿ, ಮೈ ಜಾರುವಾಗ ಆಗುವ ಉಜ್ಜುವಿಕೆಯನ್ನಾಗಲಿ ತಡೆಯುವುದಿಲ್ಲ, ಮಲಗಿದವರನ್ನು ಹೊರಳಿಸುವುದೂ ಇಲ್ಲ.

ಹಾಸುವಾಗಲೇ ಅರ್ಧ ತಪ್ಪು ನಡೆದುಹೋಗುತ್ತದೆ. ಇದನ್ನು ಮಂಚದ ತಗಡಿನ ಮೇಲೆ ನೇರ ಹಾಸಬಾರದು, ಕೆಳಗೆ ಮಾಮೂಲಿ ಹಾಸಿಗೆ ಇರಲೇಬೇಕು. ಗುಳ್ಳೆಗಳ ಕಡೆ ಮೇಲಕ್ಕೆ, ಟ್ಯೂಬಿನ ಕಡೆ ಕಾಲ್ದೆಸೆಗೆ. ತಲೆ ಮತ್ತು ಕಾಲಿನ ತುದಿಯಲ್ಲಿರುವ ಉದ್ದ ಪಟ್ಟಿಗಳನ್ನು ಕೆಳಗಿನ ಹಾಸಿಗೆಯಡಿ ಚೆನ್ನಾಗಿ ತುರುಕಬೇಕು. ಹಾಸಿಗೆಗೆ ರೆಕ್ಸಿನ್ ಹೊದಿಕೆ ಇದ್ದರಂತೂ ಏರ್ ಬೆಡ್ ಎರಡೇ ದಿನದಲ್ಲಿ ಕಾಲ ಕಡೆಗೆ ಜಾರಿರುತ್ತದೆ. ಪಂಪನ್ನು ನೆಲದ ಮೇಲಿಟ್ಟರೆ ಧೂಳೆಳೆಯುತ್ತದೆ, ನೆಲ ಒರೆಸುವ ನೀರೂ ತಾಗುತ್ತದೆ. ಟ್ಯೂಬು ಮಂಚದ ಮಡಚುವ ಕೀಲಿನ ನಡುವೆ ಹಾಯದಂತೆ ನೋಡಿಕೊಳ್ಳಿ. ತಲೆಯ ಭಾಗ ಎತ್ತಿದಾಗ ಅಲ್ಲಿ ಹಿಸುಕಿಕೊಂಡರೆ ಅರ್ಧ ಗುಳ್ಳೆಗಳಿಗೆ ಗಾಳಿಯೇ ಹೋಗುವುದಿಲ್ಲ. ಪಂಪಿನ ಮೇಲಿರುವ, ಗಾಳಿಯ ಒತ್ತಡ ಹೆಚ್ಚು ಕಡಿಮೆ ಮಾಡುವ ನಾಬ್ ಪೂರ್ತಿ ಗಟ್ಟಿಗೆ ತಿರುಗಿಸಿ, ಅರ್ಧ ಗಂಟೆ ಉಬ್ಬಲು ಬಿಟ್ಟು, ಆಮೇಲೆ ಮಲಗಿಸಿ ತೂಕಕ್ಕೆ ತಕ್ಕಂತೆ ಇಳಿಸುವುದು ಕ್ರಮ.

ನಾಬ್ ಮೇಲಿನ ಗುರುತನ್ನು ಪೂರ್ತಿ ನಂಬಬೇಡಿ, ಕೈ ಹಾಕಿ ನೋಡಿ. ಅಂಗೈ ಮೇಲೆ ಮಾಡಿ, ಏರ್ ಬೆಡ್‌ಗೂ ಕೆಳಗಿನ ಹಾಸಿಗೆಗೂ ನಡುವೆ, ಬೆನ್ನಿನ ಬುಡದ ಮೂಳೆ ಇರುವ ಕಡೆ ಕೈ ತೂರಿಸಿ. ಆ ಜಾಗದ ಗುಳ್ಳೆಗಳು ಉಬ್ಬಿರುವಾಗ ನಿಮ್ಮ ಕೈಗೂ ಅವರ ಮೈಗೂ ಮಧ್ಯೆ ಒಂದು ಇಂಚಾದರೂ ಗಾಳಿ ಇರಬೇಕು. ಮೂಳೆಯೇ ಕೈಗೆ ತಾಗಿದರೆ ಅವರು ಮಲಗಿರುವುದು ಕೆಳಗಿನ ಹಾಸಿಗೆಯ ಮೇಲೆ, ಏರ್ ಬೆಡ್ ಹೆಸರಿಗೆ ಮಾತ್ರ. ನಾಬ್ ಏರಿಸಿದರೂ ಸರಿಹೋಗದಿದ್ದರೆ ತೂಕ ಈ ಬೆಡ್‌ನ ಮಿತಿ ಮೀರಿದೆ ಅಥವಾ ಎಲ್ಲೋ ಸೋರುತ್ತಿದೆ. ಗುಳ್ಳೆ ಮಾದರಿ ಸೋಲುವುದೇ ಇಲ್ಲಿ: ಗುಳ್ಳೆಯ ಎತ್ತರವೇ ಎರಡೂವರೆ ಇಂಚಿನ ಒಳಗೆ. ತಲೆದೆಸೆ ಎತ್ತಿ ಕೂರಿಸಿದೊಡನೆ ಭಾರವೆಲ್ಲ ಪೃಷ್ಠದಡಿ ಸೇರಿ ಅಲ್ಲಿನ ಗುಳ್ಳೆಗಳು ಚಪ್ಪಟೆಯಾಗುತ್ತವೆ. ಊಟದ ಹೊತ್ತಿಗೆ ನಾಬ್ ಏರಿಸಿ, ಮುಗಿದು ಸ್ವಲ್ಪ ಹೊತ್ತಾದ ಮೇಲೆ ತಲೆದೆಸೆಯನ್ನು 30 ಡಿಗ್ರಿಗೆ ಇಳಿಸುವಾಗ ಮರೆಯದೆ ಹಿಂದಕ್ಕೆ ತಿರುಗಿಸಬೇಕು. ಎತ್ತುವ ಮೊದಲು ಮೊಣಕಾಲಿನ ಭಾಗ ಕೊಂಚ ಏರಿಸಿಕೊಂಡರೆ ಮೈ ಕೆಳಕ್ಕೆ ಜಾರುವುದಿಲ್ಲ.

ಇನ್ನು ಮೇಲೆ ಹಾಸುವುದರ ವಿಚಾರ. ಒಳ್ಳೆಯ ಬೆಡ್ ಕೆಡುವುದು ಇಲ್ಲೇ ಹೆಚ್ಚು. ಬೆಡ್‌ಶೀಟು, ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ಡ್ರಾ ಶೀಟು, ಅಂಡರ್‌ಪ್ಯಾಡು, ಸಾಲದ್ದಕ್ಕೆ ಮಡಚಿದ ಕಂಬಳಿ. ಇಷ್ಟು ಪದರ ಬಿದ್ದ ಮೇಲೆ ಗುಳ್ಳೆ ಏರಿಳಿದದ್ದು ಮೈಗೆ ಮುಟ್ಟುವುದೇ ಇಲ್ಲ. ಒಂದು ಹತ್ತಿ ಶೀಟು, ಬೇಕಿದ್ದರೆ ಗಾಳಿಯಾಡುವ ಒಂದು ಅಂಡರ್‌ಪ್ಯಾಡು, ಅಷ್ಟಕ್ಕೇ ನಿಲ್ಲಿಸಿ. ಶೀಟನ್ನು ನಾಲ್ಕೂ ಕಡೆ ಬಿಗಿದೆಳೆದು ಸಿಕ್ಕಿಸುವ ಅಭ್ಯಾಸ ನೋಟಕ್ಕೆ ಚೆಂದ, ಆದರೆ ಬಿಗಿದ ಬಟ್ಟೆ ಮೈಯನ್ನು ಗುಳ್ಳೆಗಳೊಳಗೆ ಇಳಿಯಗೊಡದೆ ಮೇಲೆಯೇ ಎತ್ತಿ ಹಿಡಿದುಬಿಡುತ್ತದೆ. ಸುಕ್ಕಿಲ್ಲದಂತೆ ಸಡಿಲವಾಗಿ ಹಾಸಿದರೆ ಸಾಕು. ಬಳೆಯಾಕಾರದ ಗಾಳಿ ದಿಂಬನ್ನು ಪೃಷ್ಠದಡಿ ಇಡುವುದನ್ನು ಬಿಟ್ಟೇಬಿಡಿ. ನಡುವಿನ ಭಾಗಕ್ಕೆ ರಕ್ತ ಹೋಗದಂತೆ ಸುತ್ತಲೂ ಒತ್ತಿ, ಅದೇ ಹುಣ್ಣು ತರಿಸುತ್ತದೆ.

ಏರ್ ಬೆಡ್ ಬಂದ ವಾರದಲ್ಲೇ ಮಗ್ಗುಲು ಬದಲಿಸುವ ಚಾರ್ಟ್ ಖಾಲಿ ಬೀಳಲು ಶುರುವಾಗುತ್ತದೆ. ಇದು ಬೆಡ್‌ನ ದೋಷವಲ್ಲ, ಆದರೂ ಬೆಡ್ ಜೊತೆಗೇ ಬರುತ್ತದೆ. ಎರಡು ಗಂಟೆಗೊಮ್ಮೆ ಹೊರಳಿಸುತ್ತಿದ್ದುದನ್ನು ಮೂರಕ್ಕೋ ನಾಲ್ಕಕ್ಕೋ ಏರಿಸಬಹುದೇ ಎಂಬುದನ್ನು ಚರ್ಮದ ಸ್ಥಿತಿ ನೋಡಿ ನರ್ಸ್ ತೀರ್ಮಾನಿಸಬೇಕು, ಪಂಪಿನ ಗುಂಯ್‌ಗುಡುವಿಕೆ ಕೇಳಿಸಿತೆಂದು ಯಾರೂ ಅಲ್ಲ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಪಕ್ಕದ ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬಿಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಹಿಮ್ಮಡಿಗೆ ಏರ್ ಬೆಡ್‌ನಿಂದ ಅಷ್ಟಾಗಿ ಉಪಯೋಗವಿಲ್ಲ. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿಯನ್ನು ಗಾಳಿಯಲ್ಲೇ ಬಿಡಬೇಕು. ಮೈ ಒರೆಸುವಾಗ ಬೆನ್ನಿನ ಬುಡ, ಹಿಮ್ಮಡಿ, ಕಣಕಾಲಿನ ಗಂಟು, ಮೊಣಕೈ, ಹೆಗಲ ಮೂಳೆ, ಕಿವಿಯ ಹಿಂಭಾಗ, ತಲೆಯ ಹಿಂಭಾಗ ನೋಡಿ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಆಗಲೇ ಹಾನಿ ಶುರುವಾಗಿದೆ. ಅಲ್ಲಿ ತಿಕ್ಕಬಾರದು, ನರ್ಸ್‌ಗೆ ತಿಳಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದು, ಸುತ್ತಲಿನ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ, ಮೆತ್ತಗೋ ಎಂದು ಮುಟ್ಟಿ ತಿಳಿಯಬೇಕು.

ಬೀಳುವ ಅಪಾಯವನ್ನು ಮಾರುವವರು ಹೇಳುವುದಿಲ್ಲ. ಏರ್ ಬೆಡ್ ಹಾಸಿದ ಮೇಲೆ ಮಲಗುವ ಮಟ್ಟ ಏರುತ್ತದೆ, ಪಕ್ಕದ ರೇಲಿಂಗ್ ಅಷ್ಟರಮಟ್ಟಿಗೆ ಗಿಡ್ಡವಾಗುತ್ತದೆ. ಅಂಚಿನಲ್ಲಿ ಕೂತರೆ ಗುಳ್ಳೆಗಳು ತಗ್ಗಿ ಮೈ ಮುಂದಕ್ಕೆ ಜಾರುತ್ತದೆ. ಗಾಲಿಕುರ್ಚಿಗೆ ಇಳಿಸುವ ಮೊದಲು ನಾಬ್ ಪೂರ್ತಿ ಗಟ್ಟಿಗೆ ತಿರುಗಿಸಿ, ಮಂಚ ತಗ್ಗಿಸಿ. ಅಂಚಿನಲ್ಲಿ ಒಬ್ಬರನ್ನೇ ಕೂರಿಸಿ ಚಪ್ಪಲಿ ತರಲು ಹೋಗಬೇಡಿ.

ಪಂಪು ಸದ್ದು ಮಾಡುತ್ತಿದ್ದರೂ ಗಾಳಿ ಬರದಿದ್ದರೆ ಸಾಮಾನ್ಯವಾಗಿ ಒಳಗೆ ಗಾಳಿ ತಳ್ಳುವ ರಬ್ಬರ್ ಪೊರೆ (ಡಯಾಫ್ರಾಮ್) ಹರಿದಿರುತ್ತದೆ. ಟ್ಯೂಬು ಕಳಚಿ ತೂತಿಗೆ ಬೆರಳಿಟ್ಟರೆ ಗೊತ್ತಾಗುತ್ತದೆ. ಎರಡರಲ್ಲೂ ಒಂದೇ ಹೊತ್ತಿಗೆ ಬರುವುದಿಲ್ಲವಾದ್ದರಿಂದ ಒಂದು ಸುತ್ತಾದರೂ ಕಾಯಬೇಕು. ಅರ್ಧ ಗುಳ್ಳೆಗಳು ಯಾವಾಗಲೂ ಉಬ್ಬಿದಂತೆ, ಉಳಿದರ್ಧ ಯಾವಾಗಲೂ ಸೊರಗಿದಂತೆ ಕಂಡರೆ ಗಾಳಿ ಹಂಚುವ ಭಾಗ ಕೆಟ್ಟಿದೆ. ಸೋರುವ ಜಾಗಕ್ಕೆ ಸೋಪಿನ ನೀರು ಹಚ್ಚಿ, ನೊರೆ ಏಳುವ ಕಡೆ ಒಣಗಿಸಿ ಪ್ಯಾಚ್ ಹಾಕಬಹುದು. ಅಂಚಿನ ಬೆಸುಗೆ ಬಿಟ್ಟಿದ್ದರೆ ಪ್ಯಾಚ್ ನಿಲ್ಲುವುದಿಲ್ಲ. ಪಿನ್ನು, ಉದ್ದ ಉಗುರು, ಎಲ್ಲೋ ಬಿದ್ದ ಸೂಜಿ ಇದರ ಶತ್ರುಗಳು. ಕರೆಂಟ್ ಹೋದರೆ ಗಾಳಿ ಇಳಿಯುತ್ತಾ ಹೋಗುತ್ತದೆ, ಅಲಾರಂ ಇರುವುದಿಲ್ಲ. ರಾತ್ರಿ ಪಾಳಿಯವರು ಸುತ್ತು ಹೋಗುವಾಗ ಪಂಪಿನ ದೀಪದ ಜೊತೆಗೆ ಬೆಡ್ಡನ್ನೂ ಮುಟ್ಟಿ ನೋಡಬೇಕು.

ತೊಳೆಯುವುದು ಸುಲಭ: ಸೌಮ್ಯ ಸೋಪಿನ ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಪಿವಿಸಿ ಸೆಡೆಯುತ್ತದೆ. ಗುಳ್ಳೆಗಳ ಸಂದಿಯಲ್ಲಿ ಮೂತ್ರ ನಿಂತು ವಾಸನೆ ಹಿಡಿದರೆ ಮಾತ್ರ ಹೋಗಲಾಡಿಸುವುದು ಕಷ್ಟ.

ಉದ್ದ ಕೊಳವೆಗಳನ್ನು ಅಡ್ಡಡ್ಡ ಜೋಡಿಸಿದ ಮಾದರಿಯಲ್ಲಿ ಮೇಲೆ ಹೇಳಿದ ಹಲವು ತೊಂದರೆಗಳಿಗೆ ಉತ್ತರವಿದೆ. ಎತ್ತರ ಹೆಚ್ಚು, ಒಂದು ಕೊಳವೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು, ಹೊದಿಕೆ ಜಿಪ್ ಬಿಚ್ಚಿ ಒಗೆಯಬಹುದು. ಒಳ್ಳೆಯವುಗಳಲ್ಲಿ ಒತ್ತಡ ಇಳಿದರೆ ಅಲಾರಂ, ಮೈ ಒರೆಸುವಾಗ ಏರಿಳಿತ ನಿಲ್ಲಿಸುವ ಸ್ಟ್ಯಾಟಿಕ್ ಗುಂಡಿ, ಎದೆ ಒತ್ತಬೇಕಾದ ತುರ್ತಿನಲ್ಲಿ ಗಾಳಿಯನ್ನು ತಟ್ಟನೆ ಬಿಡುವ ಸಿಪಿಆರ್ ವಾಲ್ವ್ ಇರುತ್ತವೆ. ಗುಳ್ಳೆ ಮಾದರಿಯಲ್ಲಿ ಆ ಹೊತ್ತಿಗೆ ಟ್ಯೂಬುಗಳನ್ನೇ ಪಂಪಿನಿಂದ ಕಿತ್ತುಹಾಕಬೇಕು. ಕೊಳವೆ ಮಾದರಿ ಕೊಳ್ಳುವಾಗ ವಾಲ್ವ್ ಎಲ್ಲಿದೆ ಎಂದು ನೋಡಿಟ್ಟುಕೊಂಡು, ಅದರ ಪಟ್ಟಿ ಹಾಸಿಗೆಯಡಿ ಮಡಚಿಹೋಗದಂತೆ ಹೊರಗೆ ಬಿಡಿ.

ಬೆನ್ನುಮೂಳೆ ಮುರಿದು ಇನ್ನೂ ಭದ್ರವಾಗದವರಿಗೆ ಎರಡೂ ಮಾದರಿ ಬೇಡ. ತಾವಾಗಿಯೇ ಹೊರಳಿ, ಎದ್ದು ಕೂರಬಲ್ಲವರಿಗೂ ಇದು ಅಡ್ಡಿಯೇ: ಮೆತ್ತನೆಯ, ಅಲುಗುವ ಹಾಸಿಗೆಯಲ್ಲಿ ಊರಿಕೊಳ್ಳಲು ಆಧಾರ ಸಿಗದೆ ಅವರು ಹೊರಳುವುದನ್ನೇ ಕಡಿಮೆ ಮಾಡುತ್ತಾರೆ. ಅಂಥವರಿಗೆ ಒಳ್ಳೆಯ ದಟ್ಟ ಫೋಮ್ ಹಾಸಿಗೆಯೇ ಸರಿ.